ಒಮಾನಿನಲ್ಲಿ ಒಬ್ಬ ಸೀಬಾವಿ

ಸರ್ರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಸರ್ರ್. ಸ್ಟೀಲಿನ ಸರಳಿನ ಮೇಲೆ ಸ್ಟೀಲಿನ ಉಂಗುರಗಳು ಜಾರುವ ಸದ್ದು. ಒಮಾನ್ ಅಂದಕೂಡಲೇ ಹೋಗಿಬಂದವರಿಗೆ ಸಮುದ್ರ ಕೇಳಿಸುತ್ತದಂತೆ. ನನಗೆ ಈ ಸದ್ದು ಕೇಳಿಸುತ್ತದೆ. ನಿಜ್ವಾ ಎಂಬ ಊರಿನ ಪರದೆ ಅಂಗಡಿಯವನೊಬ್ಬ ಉತ್ತರ ಕೊಡಲು ಮನಸ್ಸಿಲ್ಲದಾಗಲೆಲ್ಲ ಸ್ಯಾಂಪಲ್ ಪರದೆಯೊಂದನ್ನು ಆಚೆ ಈಚೆ ಎಳೆಯುತ್ತಿದ್ದ. ಎಳೆದರೆ ಅಂಗಡಿ ಕತ್ತಲು, ಸರಿಸಿದರೆ ಬೆಳಕು. ನಾನು ಎದುರಿನ ಸ್ಟೂಲಿನ ಮೇಲೆ ಕೂತು ಹಗಲು ರಾತ್ರಿಗಳನ್ನು ನೋಡುತ್ತಿದ್ದೆ. ಅವನ ಉತ್ತರ ತರಲಿಕ್ಕೆಂದೇ ಅಣ್ಣ ನನ್ನನ್ನು ಈ ವಯಸ್ಸಿನಲ್ಲಿ ವಿಮಾನ ಹತ್ತಿಸಿದ್ದ.

ಕೊಪ್ಪಳ

ನಮ್ಮ ಅಡ್ಡಹೆಸರು ಸೀಬಾವಿ. ನಮ್ಮ ಭಾಗದಲ್ಲಿ ಅಡ್ಡಹೆಸರುಗಳೆಂದರೆ ವಾರದ ಸಂತೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಎಣ್ಣಿ, ಎಲ್ಲ ಸಿಗುತ್ತವೆ. ಅವುಗಳ ನಡುವೆ ನಮ್ಮದೊಂದು ಬಾವಿ. ಬಳ್ಳಾರಿಯ ಕಾನ್ವೆಂಟಿಗೆ ನನ್ನನ್ನು ಸೇರಿಸಿದ ದಿನ ಸಿಸ್ಟರ್ ಆ ಹೆಸರಿನ ಅರ್ಥ ಕೇಳಿದರು. "ಸ್ವೀಟ್ ವೆಲ್, ಸಿಸ್ಟರ್" ಅಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, "ಲೆಟ್ ಅಸ್ ಹೋಪ್ ಸೋ" ಅಂದರು.

ಯಲಬುರ್ಗಾ ತಾಲ್ಲೂಕಿನ ನಮ್ಮೂರಿನಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಮುತ್ತಜ್ಜನೂ ಪಕ್ಕದ ಮನೆಯ ಮುಸಲ್ಮಾನ ಗೆಳೆಯನೂ ಸೇರಿ ಒಂದು ಬಾವಿ ತೋಡಿದರು. ಒಬ್ಬ ಕೆಳಗಿಳಿದು ಅಗೆದ, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿದ. ಸಿಹಿನೀರು ಬಿತ್ತು. ಊರಿನವರು ಎರಡೂ ಮನೆತನಕ್ಕೆ ಸೀಬಾವಿ ಎಂದು ಹೆಸರಿಟ್ಟರು. ಅದಕ್ಕೂ ಮುಂಚೆ ನಮ್ಮನ್ನು ಏನಂತ ಕರೆಯುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಅಣ್ಣ ಅದನ್ನು ವಿಚಾರಿಸಲು ಹೋಗಿಲ್ಲ. ಏನಾದರೂ ತರಕಾರಿ ಇದ್ದರೆ ಎಂಬ ಭಯ.

ಇಳಿದು ಅಗೆದವನು ನಮ್ಮ ಮುತ್ತಜ್ಜ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅಣ್ಣ ರಿಟೈರ್ ಆದ ಮೇಲೆ ಹಾಗಂತ ಕಲ್ಲಿನಲ್ಲಿ ಕೆತ್ತಿಸಿ ಬಾವಿಯ ಕಟ್ಟೆಗೆ ಕೂರಿಸಿದ. ಅವನು ಮುನಿರಾಬಾದಿನ ಡ್ಯಾಮ್ ಆಫೀಸಿನಲ್ಲಿ ಇದ್ದವನು. ಸರ್ವಿಸಿನುದ್ದಕ್ಕೂ ತುಂಗಭದ್ರೆಯನ್ನು ಕಾಲುವೆಗೆ ಬಿಟ್ಟವನು, ಕುಡಿಯುವಾಗ ಮಾತ್ರ ಲೋಟ ಕೆಳಗಿಟ್ಟು, "ಇದು ನೀರಲ್ಲವ್ವ, ಸಪ್ಲೈ" ಅನ್ನುತ್ತಿದ್ದ.

ಆ ಬಾವಿಗೊಂದು ರೂಢಿಯಿದೆ. ಬೇಸಿಗೆಯಲ್ಲಿ ಹೂಳು ತೆಗೆಯುವಾಗ ಮೊದಲ ಬುಟ್ಟಿ ಮಣ್ಣಿಗೆ ಇಳಿಯುವವನೂ ಸೀಬಾವಿ ಆಗಿರಬೇಕು, ಹಗ್ಗ ಹಿಡಿಯುವವನೂ ಸೀಬಾವಿ ಆಗಿರಬೇಕು, ಒಂದೊಂದು ಮನೆಯಿಂದ ಒಬ್ಬೊಬ್ಬ. ಆಮೇಲೆ ಕೂಲಿಯವರು ಏನಾದರೂ ಮಾಡಿಕೊಳ್ಳಲಿ. ಆದರೆ ಆ ಇನ್ನೊಂದು ಮನೆಯವರು ಎಂದೋ ಊರು ಬಿಟ್ಟಿದ್ದರು. ಜೋಡಿ ಇಲ್ಲದೆ ಅಣ್ಣ ಯಾರನ್ನೂ ಇಳಿಯಲು ಬಿಡಲಿಲ್ಲ. ಬಾವಿ ಹೂಳು ತುಂಬಿಕೊಂಡು ಕೂತಿತು. ಈ ವರ್ಷ ಪಂಚಾಯ್ತಿಯವರು ಮರ್ಯಾದೆಯಿಂದಲೇ ತಿಳಿಸಿದರು: ಬೇಸಿಗೆಯೊಳಗೆ ಸ್ವಚ್ಛ ಮಾಡಿಸಿ, ಇಲ್ಲವಾದರೆ ಮಕ್ಕಳು ಬಿದ್ದಾರು, ಮೇಲೆ ಸ್ಲ್ಯಾಬ್ ಹಾಕಿಬಿಡುತ್ತೇವೆ. ಅದೇ ತಿಂಗಳು ಕೊಪ್ಪಳದ ಡಾಕ್ಟರು ಅಣ್ಣನ ಎದೆಗೆ ಯಂತ್ರವಿಟ್ಟು ನೋಡಿ, ಅವನನ್ನು ಹೊರಗೆ ಕಳಿಸಿ, ನನ್ನ ಜೊತೆ ಮಾತಾಡಿದರು. ಸ್ಲ್ಯಾಬ್ ಮೊದಲೋ ಅಣ್ಣ ಮೊದಲೋ ಎಂಬ ಸ್ಥಿತಿ. ಆ ಬಾವಿಯಲ್ಲಿ ಇನ್ನೊಮ್ಮೆ ನೀರು ನೋಡಬೇಕು ಎನ್ನುವುದೊಂದೇ ಅವನ ಆಸೆ.

ಅಣ್ಣನಿಗೆ ಹೆಣ್ಣುಮಕ್ಕಳು. ಮದುವೆಯಾಗಿ ಹೆಸರು ಬದಲಾಯಿತು. ನಾನು ಗಂಗಾವತಿಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ, ಮಿಸ್ ಸೀಬಾವಿ. ಹೆಸರು ಉಳಿಸಿಕೊಂಡೆ ಅಂದರೆ ಏನೋ ಸಾಧಿಸಿದ ಹಾಗೆ ಕೇಳಿಸುತ್ತದೆ. ಯಾರೂ ಬದಲಿಸಲಿಲ್ಲ, ಅಷ್ಟೆ.

ಅಣ್ಣನ ಮೊಮ್ಮಗಳು ಪಲ್ಲವಿ ಮಸ್ಕತ್ತಿನಲ್ಲಿ ನರ್ಸ್. ಯಾವ ಅಡ್ಡಹೆಸರಿನವರು ಭೂಮಿಯ ಮೇಲೆ ಎಲ್ಲೆಲ್ಲಿದ್ದಾರೆ ಎಂದು ತೋರಿಸುವ ವೆಬ್‌ಸೈಟ್ ಒಂದಿದೆಯಂತೆ. ಅವಳು ನಮ್ಮ ಹೆಸರು ಹಾಕಿ ನೋಡಿ ಫೋಟೋ ಕಳಿಸಿದಳು. ಇಡೀ ಪ್ರಪಂಚ ಬೆಳ್ಳಗಿತ್ತು. ಕೊಪ್ಪಳ ಜಿಲ್ಲೆಯ ಮೇಲೆ ಒಂದು ಕೆಂಪು ಚುಕ್ಕೆ, ಒಮಾನಿನ ಮೇಲೆ ಒಂದು ಕೆಂಪು ಚುಕ್ಕೆ.

"ಒಮಾನಿಂದು ದೊಡ್ಡದೈತಲ್ಲ?" ಅಣ್ಣ ಕನ್ನಡಕ ಏರಿಸಿಕೊಂಡು ಕೇಳಿದ.

"ಅಲ್ಲಿ ಜನ ಕಡಿಮಿ ಅಜ್ಜ," ಫೋನಿನಲ್ಲಿ ಪಲ್ಲವಿ ಹೇಳಿದಳು. "ಅದಕ್ಕ ಒಬ್ಬಾವ ಇದ್ರೂ ದೊಡ್ಡದ ಕಾಣ್ತೈತಿ."

"ಇದ್ರ ಆ ಇನ್ನೊಂದ ಮನಿ ಮಂದಿನ ಇರ್ಬೇಕು," ಅಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಸರೂ, ನೀ ಹೋಗಿ ಕರದು ಬಾ."

ಫೋನು ಮಾಡಿದರಾಗದೇ ಎಂದು ಕೇಳಿದೆ. ಬಾವಿ ಕೆಲಸಕ್ಕೆ ಫೋನಿನಲ್ಲಿ ಕರೆಯುವುದಿಲ್ಲ, ಮನೆತನಕ ಹಗ್ಗ ಒಯ್ದು ಕೊಟ್ಟು ಕರೆಯಬೇಕು ಎಂದ. ಪುಂಡಿನಾರಿನ ಒಂದು ಮೊಳ ಹಗ್ಗ ತಂದ. ಅದರ ಒಂದು ತುದಿಗೆ ಕುಣಿಕೆ ಹಾಕಿದ್ದ, ತಲೆ ತೂರುವಷ್ಟಲ್ಲ, ಮುಂಗೈ ತೂರುವಷ್ಟು. ಒಯ್ಯಲು ಅನುಕೂಲವಾಗಲಿ ಎಂದಿರಬೇಕು ಅಂದುಕೊಂಡೆ.

"ಗಂಟು ಬಿಚ್ಚಬ್ಯಾಡ," ಅಂದ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಹ್ಯಾಂಡ್‌ಬ್ಯಾಗಿನಿಂದ ಅದು ಹೊರಬಂತು.

"ವಾಟ್ ಈಸ್ ದಿಸ್, ಮೇಡಂ?" ಸೆಕ್ಯೂರಿಟಿ ಹುಡುಗಿ ಕೇಳಿದಳು.

"ಆ್ಯನ್ ಇನ್ವಿಟೇಷನ್," ಅಂದೆ.

ಆಕೆ ಮೇಲಿನವರನ್ನು ಕರೆದಳು, ಅವರು ತಮ್ಮ ಮೇಲಿನವರನ್ನು. ಎಲ್ಲರ ಮೇಲಿನವರು ಬಹಳ ಮೆಲ್ಲಗೆ ಮಾತಾಡುವ ಮನುಷ್ಯ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಒಬ್ಬರೇ ಹೊರಟಿದ್ದೀರಾ, ಮನೆಯಲ್ಲಿ ಎಲ್ಲ ಸರಿಯಿದೆಯೇ, ಮನಸ್ಸಿಗೆ ಬೇಸರವೇನಾದರೂ ಇದೆಯೇ ಎಂದು ಕೇಳಿದರು. "ಐ ಆ್ಯಮ್ ಪರ್ಫೆಕ್ಟ್ಲಿ ಹ್ಯಾಪಿ" ಅಂದೆ. ಅದರಿಂದ ಅವರ ಅನುಮಾನ ಹೆಚ್ಚಾಯಿತು. ಕುಣಿಕೆ ಬಿಚ್ಚಿದರೆ ಬಿಡುತ್ತೇನೆ ಎಂದರು. ಅಣ್ಣ ಬಿಚ್ಚಬೇಡ ಎಂದಿದ್ದಾನೆ ಅಂದೆ. ಎಂಟು ವರ್ಷ ಕಾನ್ವೆಂಟಿನಲ್ಲಿ ಬೆಳೆದವಳಿಗೆ ಹೇಳಿದ ಮಾತು ಮೀರುವುದು ಬರುವುದಿಲ್ಲ. ಅವರು ಹಗ್ಗವನ್ನು ತಮ್ಮ ಗೇಣಿಗೆ ಹಿಡಿದು ಅಳೆದು, ನನ್ನ ಬಿಳಿ ಕೂದಲನ್ನು ನೋಡಿ, ವಾಪಸ್ ಕೊಟ್ಟರು. ವಿಮಾನದ ಬಾಗಿಲಿನತನಕ ಒಬ್ಬಳು ನನ್ನ ಜೊತೆಗೇ ಬಂದಳು. ಅಷ್ಟು ಮರ್ಯಾದೆ ನನಗೆ ಸೆಂಡ್-ಆಫ್ ದಿನವೂ ಸಿಕ್ಕಿರಲಿಲ್ಲ.

ಮಸ್ಕತ್

ಮಸ್ಕತ್ತಿನಲ್ಲಿ ಕಟ್ಟಡಗಳೆಲ್ಲ ಬಿಳಿ, ಬೆಟ್ಟಗಳೆಲ್ಲ ಕಂದು. ನಮ್ಮ ಆನೆಗುಂದಿ, ಸಾಣಾಪುರದ ಬಂಡೆಗಳನ್ನು ಯಾರೋ ಪುರುಸೊತ್ತಿನಲ್ಲಿ ಒಂದರ ಮೇಲೊಂದು ಇಟ್ಟು ಹೋದ ಹಾಗಿರುತ್ತದೆ. ಇಲ್ಲಿ ಹಾಗೇ ಸುರಿದು ಹೋಗಿದ್ದಾರೆ. ಒಂದು ಗಿಡವಿಲ್ಲ. ರಸ್ತೆಯ ಮಧ್ಯೆ ಮಾತ್ರ ಪೆಟೂನಿಯಾ ಹೂವುಗಳು, ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ ಸಾಲಾಗಿ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಮೊದಲ ದಿನ ನನಗೆ ಕಿವಿ ಕೆಟ್ಟಿದೆಯೇನೋ ಅನ್ನಿಸಿತು.

ಚುಕ್ಕೆ ಇದ್ದದ್ದು ರುವಿ ಎಂಬಲ್ಲಿ. ನಮ್ಮವರ ಅಂಗಡಿಗಳೇ ತುಂಬಿದ ಬಡಾವಣೆ ಅದು. ಇಡ್ಲಿ ವಾಸನೆ ಹಿಡಿದು ಹೋದರೆ ಸಾಕು, ತಲುಪುತ್ತೀರಿ. ಅಲ್ಲಿ ನಿಜವಾಗಿಯೂ ಒಂದು ಬೋರ್ಡು ಇತ್ತು: ಸೀಬಾವಿ ಕರ್ಟನ್ಸ್ ಆ್ಯಂಡ್ ಟೈಲರಿಂಗ್. ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ. ಯಲಬುರ್ಗಾ ಬಸ್‌ಸ್ಟ್ಯಾಂಡಿನಲ್ಲೂ ನಮ್ಮ ಹೆಸರನ್ನು ಯಾರೂ ಬೋರ್ಡಿಗೆ ಹಾಕಿರಲಿಲ್ಲ. ನಾನು ರಸ್ತೆ ದಾಟದೆ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಪಲ್ಲವಿ, "ಅಜ್ಜಿ, ಬಿಸಲಾಗ ನಿಲ್ಲಬ್ಯಾಡ, ಬಿಪಿ ಹೆಚ್ಚಾಗ್ತೈತಿ" ಎಂದು ಕೈ ಹಿಡಿದು ದಾಟಿಸಿದಳು.

ಒಳಗೆ ಹೊಲಿಗೆ ಮಷೀನಿನ ಮುಂದೆ ದುಂಡನೆಯ ಮನುಷ್ಯ.

"ಮಿಸ್ಟರ್ ಸೀಬಾವಿ?" ಕೇಳಿದೆ.

"ಯೆಸ್, ಯೆಸ್," ಅಂದ. "ಬ್ಲೌಸ್ ಆರ್ ಕರ್ಟನ್?"

ನಾನು ಕೊಪ್ಪಳದವಳು, ನನ್ನ ಹೆಸರೂ ಸೀಬಾವಿ ಎಂದೆ. ಅವನು ಎದ್ದು ನಿಂತು ಕತ್ತರಿ ಕೆಳಗಿಟ್ಟ. ಅವನ ಹೆಸರು ಶಶಿ, ಕೇರಳದವನು. ಹಳೆಯ ಪಾರ್ಟ್‌ನರ್ ಖಾಜಾ ಸೀಬಾವಿ ಅಂಗಡಿ ಬಿಟ್ಟು ನಿಜ್ವಾಕ್ಕೆ ಹೋದಾಗ ಬೋರ್ಡು ಇನ್ನೂ ಚೆನ್ನಾಗಿತ್ತು, ಹಾಗಾಗಿ ಇಳಿಸಲಿಲ್ಲ. ಗಿರಾಕಿಗಳು ಬೋರ್ಡು ಓದಿ ಇವನನ್ನೇ ಸೀಬಾವಿ ಭಾಯ್ ಎನ್ನತೊಡಗಿದರು. ಈಗ ಇವನ ಹೆಂಡತಿಯೂ ಫೋನಿನಲ್ಲಿ ಹಾಗೇ ಸೇವ್ ಮಾಡಿಕೊಂಡಿದ್ದಾಳೆ.

"ಇಟ್ ಈಸ್ ಎ ಗುಡ್ ನೇಮ್," ಅಂದ. "ನೋ ಕಂಪ್ಲೇಂಟ್."

ಅಂತೂ ಭೂಪಟದ ಮೇಲಿದ್ದ ದೊಡ್ಡ ಚುಕ್ಕೆ ಒಂದು ಬೋರ್ಡಿನದು. ನಮ್ಮ ವಂಶವನ್ನು ಒಮಾನಿನಲ್ಲಿ ಕೇರಳದವನೊಬ್ಬ ನೋಡಿಕೊಳ್ಳುತ್ತಿದ್ದ. ಅವನು ನಿಜ್ವಾದ ವಿಳಾಸ ಕೊಟ್ಟು, ಬೇಡವೆಂದರೂ ನನ್ನ ಸೀರೆಯ ಫಾಲ್ ಬಿಚ್ಚಿದ್ದನ್ನು ಹೊಲಿದು ಕಳಿಸಿದ.

ಬಿರ್ಕತ್ ಅಲ್ ಮೌಜ್

ಪಲ್ಲವಿಗೆ ಶುಕ್ರವಾರ ರಜೆ. ಬೆಳಿಗ್ಗೆ ಬೇಗ ಅವಳ ಕಾರಿನಲ್ಲಿ ನಿಜ್ವಾಕ್ಕೆ ಹೊರಟೆವು. ದಾರಿಯಲ್ಲಿ ಬಿರ್ಕತ್ ಅಲ್ ಮೌಜ್ ಎಂಬ ಊರಿನಲ್ಲಿ ಖರ್ಜೂರದ ತೋಟ, ತೋಟದೊಳಗೆ ಗಚ್ಚಿನ ಸಣ್ಣ ಕಾಲುವೆ. ಫಲಜ್ ಅನ್ನುತ್ತಾರೆ. ಬೆಟ್ಟದ ಬುಡದಿಂದ ನೀರು ತಾನಾಗಿ ಹರಿದು ಬರುತ್ತದೆ, ಪಂಪಿಲ್ಲ, ಲೈನ್‌ಮನ್ ಇಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎನ್ನುವುದು ಅಜ್ಜಂದಿರ ಕಾಲದಿಂದ ಗೊತ್ತಾಗಿದೆಯಂತೆ. ಕಾಲುವೆ ನೀರಿಗಾಗಿ ಟೇಲ್-ಎಂಡ್ ರೈತರು ಆಫೀಸಿನ ಮುಂದೆ ಕೂತ ಕತೆಗಳನ್ನು ಅಣ್ಣನ ಬಾಯಲ್ಲಿ ಕೇಳಿ ಬೆಳೆದ ಪಲ್ಲವಿ, "ಇಲ್ಲಿ ಅಜ್ಜಗ ಕೆಲಸನ ಇರ್ತಿದ್ದಿಲ್ಲ" ಅಂದಳು.

ಕಾಲು ತೊಳೆಯೋಣವೆಂದು ಬಗ್ಗಿದೆ. ನನ್ನ ಒಂದು ಚಪ್ಪಲಿ ನೀರಿಗೆ ಬಿದ್ದು ಹೊರಟಿತು. ಅವಸರವೇನೂ ಇಲ್ಲದೆ ಹೊರಟಿತು. ನಾನೂ ದಂಡೆಯ ಮೇಲೆ ಅದರ ಜೊತೆ ನಡೆದೆ. ಬಾಳೆಗಿಡಗಳನ್ನು ದಾಟಿ, ಒಂದು ಗೋಡೆಯ ಕೆಳಗೆ ನುಸುಳಿ, ಅದು ಪಕ್ಕದ ತೋಟ ಸೇರಿತು. ಸ್ವಲ್ಪ ಹೊತ್ತಿಗೆ ಆ ತೋಟದ ಬಾಗಿಲು ತೆರೆದು ಬಿಳಿ ನಿಲುವಂಗಿಯ ಮುದುಕರೊಬ್ಬರು ಚಪ್ಪಲಿಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬಂದರು. ಅದನ್ನು ನನ್ನ ಕಾಲ ಹತ್ತಿರ ಇಳಿಸಿ, ಎದೆಯ ಮೇಲೆ ಕೈ ಇಟ್ಟು, ಒಳಗೆ ಬನ್ನಿ ಎಂದರು. ಇದು ಅವರ ಸರದಿಯ ನೀರಂತೆ. ಅದರಲ್ಲಿ ಬಂದದ್ದು ಅವರ ಅತಿಥಿ.

ಚಾಪೆಯ ಮೇಲೆ ಕೂರಿಸಿ ಖರ್ಜೂರ ಕೊಟ್ಟರು. ಹಿಡಿ ಇಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಾಫಿ. ಒಳ್ಳೆಯ ಕಾಫಿ. ಕುಡಿದು ಬಟ್ಟಲು ಮುಂದೆ ಹಿಡಿದರೆ ಮತ್ತೆ ತುಂಬುತ್ತಾರೆ, ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲುಗಿಸಬೇಕು, ಇದು ಅಲ್ಲಿಯ ರೀತಿ. ಪಲ್ಲವಿ ಮೊದಲೇ ಹೇಳಿದ್ದಳು. ಅವಳು ಮರೆತದ್ದು ನನ್ನ ಕೈ ನಡುಕವನ್ನು. ನಾನು ಆಸೆಯಿಂದ ಬಟ್ಟಲು ಮುಂದೆ ಹಿಡಿದೆ. ಅದು ತಾನೇ ಅಲುಗಿತು. ಅವರು ಮರ್ಯಾದೆಯಿಂದ ತೆಗೆದುಕೊಂಡು ಹೋದರು. ಪಲ್ಲವಿ ನಾಲ್ಕು ಬಟ್ಟಲು ಕುಡಿದಳು.

ಆ ಮುದುಕರು ನನ್ನ ಕಬೀಲಾ, ಅಂದರೆ ಕುಲ, ಯಾವುದೆಂದು ಕೇಳಿದರು. ಅಲ್ಲಿ ಪ್ರತಿಯೊಬ್ಬರ ಹೆಸರಿನ ಕೊನೆಗೂ ಕುಲದ ಹೆಸರಿದೆ. ಅದರಿಂದ ಊರು, ಬೆಟ್ಟ, ಹಳೆಯ ಜಗಳ ಎಲ್ಲ ತಿಳಿಯುತ್ತದಂತೆ. ಪಲ್ಲವಿ ತನ್ನ ಆಸ್ಪತ್ರೆಯ ಅರಬ್ಬಿಯಲ್ಲಿ ಅನುವಾದಿಸಿದಳು. "ಸೀಬಾವಿ" ಅಂದೆ.

"ಎಷ್ಟು ಜನ ಇದ್ದೀರಿ ಅಂತ ಕೇಳ್ತಾರ," ಪಲ್ಲವಿ ಹೇಳಿದಳು.

"ನಾನು, ನಮ್ಮಣ್ಣ. ನಿಜ್ವಾದಾಗ ಒಬ್ಬಾತ ಇರಬಹುದು ಅಂತ ಹೇಳು."

ಅವರು ತಲೆ ಬಾಗಿಸಿದರು. ಯುದ್ಧದಲ್ಲಿ ಸತ್ತರೇ ಎಂದು ವಿಚಾರಿಸಿದರು. ಇಲ್ಲ, ಮದುವೆಗಳಾದವು ಎಂದು ಹೇಳಿಸಿದೆ.

ನಿಜ್ವಾ

ಶುಕ್ರವಾರ ಬೆಳಿಗ್ಗೆ ಅಂಗಡಿಗಳು ಮುಚ್ಚಿರುತ್ತವೆ ಎನ್ನುವುದು ಶುಕ್ರವಾರ ಬೆಳಿಗ್ಗೆ ನಿಜ್ವಾ ತಲುಪಿದ ಮೇಲೆ ಪಲ್ಲವಿಗೆ ನೆನಪಾಯಿತು. ಕಾಲ ಕಳೆಯಲು ಆಡಿನ ಸಂತೆಗೆ ಹೋದೆವು. ಕುಷ್ಟಗಿಯ ಕುರಿ ಸಂತೆಯಲ್ಲಿ ಕುರಿ ನಿಂತಿರುತ್ತದೆ, ಕೊಳ್ಳುವವನು ಸುತ್ತು ಹಾಕುತ್ತಾನೆ. ನಿಜ್ವಾದಲ್ಲಿ ಕೊಳ್ಳುವವರು ದುಂಡಗೆ ಕೂತಿರುತ್ತಾರೆ, ಆಡುಗಳು ಸುತ್ತು ಹಾಕುತ್ತವೆ. ಆಡುಗಳಿಗೆ ಇದರಲ್ಲಿ ಉತ್ಸಾಹವಿದ್ದಂತೆ ಕಾಣಲಿಲ್ಲ. ಒಂದು ಕರಿ ಆಡು ಪ್ರತಿ ಸುತ್ತಿಗೂ ನನ್ನ ಎದುರು ನಿಂತು ಮುಖ ನೋಡುತ್ತಿತ್ತು. ಯಜಮಾನ ನಾನು ಕೊಳ್ಳುವವಳೆಂದು ನಂಬಿಬಿಟ್ಟ. ಅವನಿಂದ ತಪ್ಪಿಸಿಕೊಂಡು ಕಾರಿನಲ್ಲಿ ಕೂತೆವು.

ಮಧ್ಯಾಹ್ನದ ಪ್ರಾರ್ಥನೆ ಮುಗಿದು ಬಿಸಿಲು ತಗ್ಗಿದ ಮೇಲೆ ಖಾಜಾ ಸೀಬಾವಿ ಷಟರ್ ಎತ್ತಿದ. ಐವತ್ತು ದಾಟಿದ, ತೆಳ್ಳನೆಯ, ಬಣ್ಣ ಹಚ್ಚಿದ ಗಡ್ಡದ ಮನುಷ್ಯ. ಕಿಟಕಿ ಎಷ್ಟಿವೆ ಎಂದು ಹಿಂದಿಯಲ್ಲಿ ಕೇಳಿದ.

"ಕಿಟಕಿಗೆ ಬಂದಿಲ್ಲ. ನಾನು ಮಿಸ್ ಸೀಬಾವಿ. ಕೊಪ್ಪಳದಾಗಿನ ಬಸಣ್ಣನ ತಂಗಿ."

ಅವನು ಟೇಪನ್ನು ಕೊರಳಿಂದ ತೆಗೆದ. "ಯಾ ಬಸಣ್ಣಾರ್ರಿ? ಡ್ಯಾಮಿನ್ಯಾಗ ಇದ್ರಲ್ಲ, ಅವ್ರಽ?"

"ಅವ್ರಽ."

"ಕುಂದರ್ರಿ ಅಕ್ಕಾರ. ಸ್ಟೂಲ್ ಅಳ್ಳಾಡತೈತಿ, ನೋಡಿ ಕುಂದರ್ರಿ. ಚಾ ತರಸ್ತೀನಿ."

ನಲವತ್ತು ವರ್ಷದ ಹಿಂದಿನ ಯಲಬುರ್ಗಾ ಕನ್ನಡ. ಈಗ ಅಲ್ಲಿಯೂ ಹಾಗೆ ಮಾತಾಡುವುದಿಲ್ಲ, ಟಿವಿ ನೋಡಿ ತಿದ್ದಿಕೊಂಡಿದ್ದಾರೆ. ನನಗೆ ಕಣ್ಣು ತುಂಬಿತು. ಎಸಿ ಗಾಳಿ ಜೋರಾಗಿದೆ ಎಂದು ಹೇಳಿ ಒರೆಸಿಕೊಂಡೆ. ಅವನು ಹೋಗಿ ಎಸಿ ಆರಿಸಿದ. ಆಮೇಲೆ ಎಲ್ಲರೂ ಬೆವೆತೆವು.

ಬಾವಿಯ ವಿಷಯ ಹೇಳಿದೆ. ಸ್ಲ್ಯಾಬ್, ಅಣ್ಣನ ಎದೆ, ಎಲ್ಲ. ನೀನು ಒಮ್ಮೆ ಬಂದರೆ ಆಗುತ್ತದೆ, ಒಂದು ಬುಟ್ಟಿ ಮಣ್ಣಿನ ಕೆಲಸ ಅಂದೆ.

ಸರ್ರ್, ಪರದೆ ಎಳೆದ. ಕತ್ತಲೊಳಗಿಂದ ಕೇಳಿದ, "ಕಟ್ಟಿ ಮ್ಯಾಲ ಕಲ್ಲ ಹಾಕಸ್ಯಾರಲ್ಲ ಬಸಣ್ಣಾರು, ಅದರಾಗ ಏನ ಬರಸ್ಯಾರ್ರಿ?"

ನಾನು ಅಳ್ಳಾಡುವ ಸ್ಟೂಲನ್ನು ಸರಿಮಾಡಿಕೊಂಡು ಕೂತೆ.

"ನನಗ ಫೋಟೋ ಬಂದೈತ್ರಿ. ಇಳದಾವ್ರು ನಿಮ್ಮ ಮುತ್ತ್ಯಾ ಅಂತ ಬರದೈತಿ. ನಮ್ಮ ಮನ್ಯಾಗ ಹಂಗ ಹೇಳಂಗಿಲ್ರಿ. ಇಳದಾವ್ರು ನಮ್ಮ ಮುತ್ತ್ಯಾ. ಮ್ಯಾಲ ನಿಂತು ಹಗ್ಗ ಹಿಡದಾವ್ರು ನಿಮ್ಮಾವ್ರು." ಸರ್ರ್, ಬೆಳಕು. "ಹಗ್ಗ ಹಿಡಿಯೂದೇನ ಸಣ್ಣ ಕೆಲಸ ಅಂತ ನಾ ಅನ್ನೂದಿಲ್ಲ. ಜೀವಾನ ಅವ್ರ ಕೈಯಾಗ ಇರ್ತೈತಿ. ಆದರ ಇಳದಾವ್ರು ನಾವು."

ನಾನು ಚಿಕ್ಕಂದಿನಿಂದ ಕೇಳಿದ ಕತೆಯೇ. ಒಬ್ಬ ಕೆಳಗೆ, ಒಬ್ಬ ಮೇಲೆ. ಯಾರು ಹೇಳುತ್ತಾರೋ ಅವರವನು ಕೆಳಗೆ. ಸಾಕ್ಷಿ ಹೇಳಬೇಕಾದವರಿಬ್ಬರೂ ತೀರಿಹೋಗಿ ಎಷ್ಟೋ ಕಾಲವಾಗಿದೆ. ಬಾವಿ ಯಾರಿಗೂ ಏನೂ ಹೇಳುವುದಿಲ್ಲ.

ಪಲ್ಲವಿ ಹೊರಗೆ ಹೋಗಿ ಅಣ್ಣನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಖಾಜಾ ಕಲ್ಲಿನ ಮಾತು ತೆಗೆದಿದ್ದಾನೆ ಎಂದ ಕೂಡಲೇ ಅಣ್ಣ, "ನಿನ್ನ ಕಲ್ಲ ಓದಾಕ ಕಳಿಸಿಲ್ಲ, ಕರಿಯಾಕ ಕಳಿಸೀನಿ" ಎಂದು ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಖಾಜಾ ನಮ್ಮನ್ನು ಬರಿಗೈಲಿ ಕಳಿಸಲಿಲ್ಲ. ಅಂಗಡಿಯ ಮೇಲೇ, ಎರಡನೇ ಮಹಡಿಯಲ್ಲಿ ಮನೆ. ಹೆಂಡತಿ ಜುಬೇದಾ ಗಂಗಾವತಿಯ ಹೆಣ್ಣುಮಗಳು. ನಾನು ಟೀಚರ್ ಆಗಿದ್ದ ಸ್ಕೂಲಿನ ಹಿಂದಿನ ಓಣಿಯವಳು. ಜೋಳದ ಹಿಟ್ಟನ್ನು ಊರಿಂದ ತರಿಸಿ ಇಟ್ಟುಕೊಂಡಿದ್ದಳು. ಅವಳು ರೊಟ್ಟಿ ಬಡಿಯಲು ಶುರು ಮಾಡಿದರೆ ಕೆಳಗಿನ ಮನೆಯ ಈಜಿಪ್ಟಿನವರು ಛಾವಣಿಗೆ ಕೋಲಿನಿಂದ ಕುಟ್ಟುತ್ತಾರಂತೆ. "ತಾಳ ಹಾಕ್ತಾರ್ರಿ" ಅಂದಳು.

ಅವಳು ಗಂಡನಿಗೆ ಬಡಿಸುತ್ತಾ, "ಹೋಗಿ ಬರ್ರಿ ಒಂದ ಸಲ. ಅಕ್ಕಾರು ಇಷ್ಟ ದೂರ ಬಂದಾರ," ಅಂದಳು.

"ನಮ್ಮಪ್ಪ ಯಾಕ ಊರ ಬಿಟ್ಟ, ಗೊತ್ತೈತೇನ ನಿನಗ?"

"ಗೊತ್ತೈತಿ. ನೂರ ಸಲ ಕೇಳೀನಿ. ಇನ್ನೊಂದ ರೊಟ್ಟಿ ಹಾಕ್ಲಿ?"

ಖಾಜಾ ರೊಟ್ಟಿ ಬೇಡವೆಂದ. ಆಗ ಪಲ್ಲವಿ ನನ್ನ ಕಿವಿಯಲ್ಲಿ, "ಅಜ್ಜಿ, ನೀ ಇನ್ನ ಹಗ್ಗನ ಕೊಟ್ಟಿಲ್ಲ" ಅಂದಳು. ಕರೆಯಲು ಬಂದವಳು ಕರೆಯೋಲೆಯನ್ನೇ ಮರೆತಿದ್ದೆ. ಬ್ಯಾಗಿನಿಂದ ತೆಗೆದು ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟೆ.

ಅವನು ಎಡಗೈಯಿಂದ ಅದನ್ನು ಎತ್ತಿದ. ಕುಣಿಕೆ ನೋಡಿದ. ಬಲಗೈ ತೊಳೆದುಕೊಂಡು ಬಂದು ಮತ್ತೆ ನೋಡಿದ.

"ಇದನ್ನ ಯಾರ ಹಾಕಿದ್ರು?"

"ಅಣ್ಣ."

"ದಾರ್ಯಾಗ ನೀವೇನ ಹಾಕಿಲ್ಲಲಾ?"

ಬಿಚ್ಚು ಎಂದರೂ ಬಿಚ್ಚದೆ ತಂದದ್ದನ್ನು ಹೇಳಿದೆ. ಅವನು ಜುಬೇದಾಳ ಕಡೆ ತಿರುಗಿ ವಿವರಿಸಿದ. ಹಗ್ಗ ಕಳಿಸುವುದಕ್ಕೂ ಒಂದು ರೀತಿಯಿದೆ, ನನಗೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಅದನ್ನು ಹೇಳುತ್ತಿರಲಿಲ್ಲ, ನಾನಂತೂ ಬಳ್ಳಾರಿಯಲ್ಲಿ ಡ್ಯಾಫೋಡಿಲ್ಸ್ ಬಾಯಿಪಾಠ ಮಾಡುತ್ತಿದ್ದೆ. ಬರೀ ಹಗ್ಗ ಕಳಿಸಿದರೆ ನೀವು ಹಿಡಿಯಿರಿ, ನಾವು ಇಳಿಯುತ್ತೇವೆ ಅಂತ. ಕುಣಿಕೆ ಹಾಕಿ ಕಳಿಸಿದರೆ, ಸೊಂಟಕ್ಕೆ ಕಟ್ಟಿಕೊಳ್ಳುವವರು ನೀವು, ಇಳಿಯುವವರು ನೀವು ಅಂತ.

"ನಮ್ಮ ದಾದಾಗ, ಅಂದ್ರ ನಮ್ಮಜ್ಜಗ, ಕುಣಿಕಿ ಬರ್ತಿತ್ತಂತ. ನಮ್ಮಪ್ಪಗ ನಿಮ್ಮ ಮನಿಯಿಂದ ಬರೇ ಹಗ್ಗ ಬರಾಕ ಹತ್ತಿತು. ಎರಡ ಸಲ ಹಿಡದ. ಮೂರನೇ ಸಲ ಹಗ್ಗ ವಾಪಸ್ ಕಳಿಸಿ ಗಂಗಾವತಿ ಮಿಲ್ಲಿಗೆ ಹೋಗಿಬಿಟ್ಟ."

ಜುಬೇದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಕೆಳಗಿನ ಈಜಿಪ್ಟಿನವರೂ ಸುಮ್ಮನಿದ್ದರು.

"ಬಸಣ್ಣಾರ್ಗೆ ಈಗ ವಯಸ್ಸಾಗೈತಿ," ಖಾಜಾ ಕೊನೆಗೆ ಹೇಳಿದ. "ಇಳಿಯಾಕ ಆಗೂದಿಲ್ಲ. ಅದಕ್ಕ ಹಾಕ್ಯಾರ. ಬ್ಯಾರೆ ಏನಿಲ್ಲ."

"ಇರಬಹುದು," ಅಂದೆ.

"ಆದ್ರೂ ಹಾಕ್ಯಾರ."

ಅವನು ಕುಣಿಕೆಯೊಳಗೆ ಮುಂಗೈ ತೂರಿಸಿ, ಬಳೆ ಅಂಗಡಿಯಲ್ಲಿ ಅಳತೆ ನೋಡುವವರ ಹಾಗೆ ತಿರುಗಿಸಿ ನೋಡಿದ. ಆಮೇಲೆ ಜುಬೇದಾಳಿಗೆ, "ಇನ್ನೊಂದ ರೊಟ್ಟಿ ಹಾಕು" ಅಂದ.

ಯಲಬುರ್ಗಾ ತಾಲ್ಲೂಕು, ನಮ್ಮೂರು

ಪ್ರವಾಸ ಕಥನವನ್ನು ವಿಮಾನ ಇಳಿದ ಕೂಡಲೇ ಮುಗಿಸಬೇಕು ಎನ್ನುತ್ತಾರೆ. ಆದರೆ ನಾನು ಕರೆಯಲು ಹೋದವನು ಬಂದನೋ ಇಲ್ಲವೋ ಎಂದು ಹೇಳದೆ ನಿಲ್ಲಿಸುವುದು ಬ್ಯಾಡ್ ಮ್ಯಾನರ್ಸ್.

ಖಾಜಾ ಬಂದ. ನೀರು ತಳ ಕಾಣುವ ಕಡು ಬೇಸಿಗೆಯಲ್ಲಿ, ಒಂದು ವಾರದ ರಜೆಯ ಮೇಲೆ. ಪಲ್ಲವಿಯೂ ಬಂದಳು. ಕೊಪ್ಪಳದಿಂದ ಎಲ್ಲರೂ ಒಂದೇ ಗಾಡಿಯಲ್ಲಿ ಹೋದೆವು. ಹಿಂದಿನ ಸೀಟಿನಲ್ಲಿ ಅಣ್ಣ ಒಂದು ಕಿಟಕಿಗೆ, ಖಾಜಾ ಇನ್ನೊಂದು ಕಿಟಕಿಗೆ. ನಡುವೆ ನಾನು. ಕುಕನೂರಿನ ತನಕ ಇಬ್ಬರೂ ಮಳೆಯ ವಿಷಯ ಮಾತಾಡಿದರು. ಮಳೆಯ ವಿಷಯದಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಕಟ್ಟೆಯ ಹತ್ತಿರ ಖಾಜಾ ಕಲ್ಲನ್ನು ಓದಿದ. ನಿಧಾನವಾಗಿ, ಬೆರಳಿಟ್ಟು ಓದಿದ. ಅಣ್ಣ ಬೇರೆ ಕಡೆ ನೋಡುತ್ತಿದ್ದ.

"ಅಕ್ಷರ ಛಲೋ ಬಂದಾವ್ರಿ," ಅಂದ ಖಾಜಾ.

"ಹೊಸಪೇಟಿಯಾಂವ ಕೆತ್ತ್ಯಾನ," ಅಂದ ಅಣ್ಣ. ಸ್ವಲ್ಪ ತಡೆದು, "ಈ ಸಲ ನಾ ಹಗ್ಗ ಹಿಡೀತೀನಿ. ಈ ಸಲ ಅಷ್ಟ."

"ಹೂಂನ್ರಿ. ಈ ಸಲ ಅಷ್ಟ."

ಕೂಲಿಯವರು ಮೊದಲು ದೀಪ ಇಳಿಸಿ ಗಾಳಿ ನೋಡಿದರು. ಕಬ್ಬಿಣದ ಏಣಿ ಬಿಟ್ಟರು. ಅಣ್ಣನ ಹಗ್ಗವನ್ನು ಕಲ್ಲಿನ ಕಂಬಕ್ಕೆ ಎರಡು ಸುತ್ತು ಹಾಕಿ ತುದಿಯನ್ನು ಅವನ ಕೈಗೆ ಕೊಟ್ಟರು. ಪಲ್ಲವಿಯ ಒತ್ತಾಯಕ್ಕೆ ಇನ್ನೊಂದು ಹಗ್ಗವನ್ನು ನಾಲ್ಕು ಗಟ್ಟಿ ಆಳುಗಳು ಹಿಂದೆ ನಿಂತು ಹಿಡಿದರು. ಅಣ್ಣ ಅದನ್ನು ನೋಡಲಿಲ್ಲ, ನೋಡಬಾರದೆಂದು ನೋಡಲಿಲ್ಲ. ಖಾಜಾ ಪ್ಯಾಂಟು ಮಡಚಿ, ಬಿಸ್ಮಿಲ್ಲಾ ಎಂದು, ಒಂದೊಂದೇ ಮೆಟ್ಟಿಲು ಇಳಿದ. ಅವನ ಬಣ್ಣ ಹಚ್ಚಿದ ಗಡ್ಡ ಕತ್ತಲಿನಲ್ಲಿ ಮೊದಲು ಮಾಯವಾಯಿತು. ಮೊದಲ ಬುಟ್ಟಿ ಕೆಸರು ಮೇಲೆ ಬಂದಾಗ ಊರಿನವರು ನೋಡಲು ನೂಕಾಡಿದರು. ಅದು ಬರೀ ಕೆಸರು. ನಾನೂ ನೂಕಾಡಿದೆ.

ಮೊದಲ ಬುಟ್ಟಿಯ ಮೇಲೆ ಅವನು ಹತ್ತಿ ಬರಬೇಕಿತ್ತು. ಬರಲಿಲ್ಲ. ಇನ್ನೊಂದು ಬುಟ್ಟಿ ಬಿಡ್ರಿ ಎಂದು ಕೆಳಗಿನಿಂದ ಕೂಗಿದ. ಆಮೇಲೆ ಇನ್ನೊಂದು. ಅಣ್ಣ ಬಿಡಿ ಎಂದು ತಲೆಯಾಡಿಸುತ್ತಲೇ ಇದ್ದ.

ಸಂಜೆ ನೀರು ಒಸರಿತಂತೆ. ಅದು ತಿಳಿಯಾಗುವತನಕ ಕೊಪ್ಪಳಕ್ಕೆ ಬರುವುದಿಲ್ಲ ಎಂದು ಅಣ್ಣ ಊರಿನಲ್ಲೇ ಉಳಿದ. ಮೂರನೆಯ ಬೆಳಿಗ್ಗೆ ಒಂದು ಲೋಟ ಕುಡಿದ. ಹೇಗಿದೆ ಎಂದು ಖಾಜಾ ಕೇಳಿದ್ದಕ್ಕೆ, "ನೀರು" ಅಂದನಂತೆ. ಆ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಖಾಜಾ ವಿಮಾನ ತಪ್ಪಿಸಿಕೊಂಡು ಮಣ್ಣಿಗೆ ನಿಂತ. ಇದೆಲ್ಲ ನಾನು ಕೇಳಿದ್ದು. ನಾನು ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದ್ದರು. ನಾನು ತೆಗೆಸಲಿಲ್ಲ.

ನಾನು ಅವನನ್ನು ಕೊನೆಯ ಸಲ ನೋಡಿದ್ದು ಆ ಹೂಳು ತೆಗೆದ ದಿನ. ಪಲ್ಲವಿಗೆ ಸಾಯಂಕಾಲ ಕೊಪ್ಪಳದಲ್ಲಿ ರೈಲಿತ್ತು, ಅವಳನ್ನು ಬಿಟ್ಟುಬರಲು ನಾನೂ ಹೊರಡಬೇಕಿತ್ತು. ಕೆಳಗೆ ಮನುಷ್ಯನಿರುವಾಗ ಹಗ್ಗ ಹಿಡಿದವನು ಬಾವಿಯಿಂದ ಕಣ್ಣು ಕೀಳಬಾರದು, ಮೇಲಿನವರ ಜೊತೆ ಮಾತಾಡಬಾರದು, ಮನೆಗೆ ಬೆಂಕಿ ಬಿದ್ದರೂ ತಿರುಗಬಾರದು, ಅದು ಅಲ್ಲಿಯ ಕಟ್ಟು. ನನಗೆ ಗೊತ್ತಿತ್ತು, ಬೆಳಗಿನಿಂದ ಊರಿನವರೆಲ್ಲ ಅದನ್ನೇ ಹೇಳುತ್ತಿದ್ದರು. ಆದರೂ ಹೇಳದೆ ಹೋಗಲಾಗಲಿಲ್ಲ. ಹಿಂದಿನಿಂದ ಹೋಗಿ ನಿಂತೆ. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹೆಗಲ ಮೂಳೆಗಳೆರಡೂ ಎದ್ದು ಕಾಣುತ್ತಿದ್ದವು.

"ಅಣ್ಣ, ನಾ ಹೊಂಟೆ," ಅಂದೆ.

ಅವನು ತಿರುಗಲಿಲ್ಲ.

ತನಗೇ ಹೇಳಿದ್ದೆಂದು ತಿಳಿದು ಖಾಜಾ ಬಾವಿಯ ತಳದಿಂದ ಕೂಗಿದ, "ಹೂಂನ್ರಿ ಅಕ್ಕಾರ, ಹೋಗಿ ಬರ್ರಿ."

ಅಣ್ಣ ಹಗ್ಗವನ್ನು ಇನ್ನೊಂದು ಗೇಣು ಸಡಿಲ ಬಿಟ್ಟ.